ಮಾಗಿಯ ಕೊನೆ: ಕಲಬುರಗಿ–ಕಮಲಾಪುರ ಸೀಮೆಯ ಕೆರೆ, ಹೊಲ, ಕಣ

ಕಲಬುರಗಿ ಮತ್ತು ಕಮಲಾಪುರ ಸೀಮೆಯಲ್ಲಿ ವರ್ಷದ ತುಂಬು ದಿನಗಳು ಬರುವುದು ಪುಷ್ಯ, ಮಾಘ ಮಾಸಗಳಲ್ಲಿ. ಎಳ್ಳ ಅಮಾವಾಸ್ಯೆಯಿಂದ ಹೋಳಿ ಹುಣ್ಣಿಮೆಯವರೆಗಿನ ಈ ಅವಧಿಯಲ್ಲಿ ತೊಗರಿ ರಾಶಿಯಾಗುತ್ತದೆ, ಬಿಳಿಜೋಳದ ತೆನೆ ಹಾಲುಗಾಳು ಕಟ್ಟಿ ಬಲಿಯುತ್ತದೆ, ಕಡಲೆಯ ಕಾಯಿ ತುಂಬುತ್ತದೆ, ಕುಸುಬೆ ಹೂ ಬಿಡುತ್ತದೆ. ವಿಶೇಷವೆಂದರೆ ಈ ತಿಂಗಳುಗಳಲ್ಲಿ ಇಲ್ಲಿ ಮಳೆ ಬಹುತೇಕ ಇಲ್ಲವೇ ಇಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 750ರಿಂದ 800 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ, ಅದರಲ್ಲೂ ಸೆಪ್ಟೆಂಬರಿನಲ್ಲಿ ಸುರಿದು ಮುಗಿದಿರುತ್ತದೆ. ಮಾಗಿಯ ಬೆಳೆ ಬದುಕುವುದು ಮೂರು–ನಾಲ್ಕು ತಿಂಗಳ ಹಿಂದೆ ಬಿದ್ದ ನೀರಿನ ಮೇಲೆ. ಆ ನೀರನ್ನು ಎರೆಮಣ್ಣು ಎಷ್ಟು ಹಿಡಿದಿಟ್ಟಿದೆ, ಕೆರೆಯಲ್ಲಿ ಎಷ್ಟು ಉಳಿದಿದೆ, ಹಳೆಯ ಕಾಳು ನೆಲದಡಿಯ ಹಗೇವಿನಲ್ಲಿ ಎಷ್ಟಿದೆ ಎಂಬ ಲೆಕ್ಕದ ಸುತ್ತಲೇ ಈ ಸೀಮೆಯ ಮಾಗಿಯ ದುಡಿಮೆ, ಹಬ್ಬ, ಊಟ ಎಲ್ಲವೂ ರೂಪುಗೊಂಡಿವೆ.

ಈ ಮೂರು ಕಣಜಗಳಲ್ಲಿ ಮೊದಲನೆಯದು ಮಣ್ಣೇ. ದಖ್ಖನಿನ ಲಾವಾ ಶಿಲೆ ಸಾವಿರಾರು ವರ್ಷ ಶಿಥಿಲಗೊಂಡು ಆದ ಕಪ್ಪು ಎರೆಯಲ್ಲಿ ಜೇಡಿಯ ಅಂಶ ಹೆಚ್ಚು. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಬಾಯ್ಬಿಡುತ್ತದೆ. ಮಳೆಗಾಲದಲ್ಲಿ ಹೊಲಕ್ಕೆ ಕಾಲಿಡಲಾಗದಷ್ಟು ಅಂಟಾಗುವ ಈ ಮಣ್ಣನ್ನು ಹಿಂದಿನ ಒಕ್ಕಲಿಗರು ಮುಂಗಾರಿನಲ್ಲಿ ಬಿತ್ತದೆ ಬಿಟ್ಟು, ಮತ್ತೆ ಮತ್ತೆ ಕುಂಟೆ ಹೊಡೆದು ಹಸಿ ಇಳಿಸುತ್ತಿದ್ದರು. ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ ಕೂರಿಗೆ ಹೂಡಿ ಜೋಳ ಬಿತ್ತುತ್ತಿದ್ದರು. ಆಮೇಲೆ ಮಳೆ ಬಾರದಿದ್ದರೂ ಬೆಳೆ ನಿಲ್ಲುತ್ತಿತ್ತು. ಆಳವಾದ ಎರೆಯಲ್ಲಿ ಜೋಳದ ಬೇರು ಒಂದು ಮೀಟರಿಗಿಂತ ಕೆಳಗಿಳಿದು ತೇವ ಹುಡುಕುತ್ತದೆ. ಚಳಿ ಬಲಿತು ನೆಲ ಬಿರುಕುಬಿಡತೊಡಗಿದಾಗ ಆ ಬಿರುಕುಗಳ ಮೂಲಕ ಹಸಿ ಆರಿಹೋಗುವ ಭಯವಿರುತ್ತದೆ. ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಕಳೆ ತೆಗೆಯಲು ಮಾತ್ರವಾಗಿರಲಿಲ್ಲ. ಮೇಲಿನ ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚಿದರೆ ಒಳಗಿನ ತೇವ ಇನ್ನೂ ಕೆಲವು ವಾರ ಉಳಿಯುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಒಣಬೇಸಾಯದ ಸಂಶೋಧನಾ ಕೇಂದ್ರಗಳು ಇಪ್ಪತ್ತನೆಯ ಶತಮಾನದಲ್ಲಿ ಪ್ರಯೋಗದಿಂದ ದೃಢಪಡಿಸಿದ ಸಂಗತಿಯನ್ನು ಈ ಸೀಮೆಯ ರೈತರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದರು. ಎಡೆ ಹೊಡೆಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ, ಪೈರು ಮುರಿಯದಂತೆ ಸಾಲು ಹಿಡಿದು ನಡೆಸುವುದು ಕೌಶಲದ ಕೆಲಸ.

ಎರಡನೆಯದು ಕೆರೆ. ಕಲಬುರಗಿ ಊರು ಬೆಳೆದದ್ದು ದೊಡ್ಡ ನದಿಯ ದಂಡೆಯಲ್ಲಲ್ಲ. ಭೀಮಾ ದಕ್ಷಿಣಕ್ಕೆ ದೂರದಲ್ಲಿದೆ, ಬೆಣ್ಣೆತೊರೆ ಪೂರ್ವಕ್ಕೆ ಹರಿದು ಕಾಗಿಣಾ ಸೇರುತ್ತದೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಈ ಊರನ್ನು ರಾಜಧಾನಿ ಮಾಡಿಕೊಂಡಾಗ ಕೋಟೆ, ಸೈನ್ಯ, ಕುದುರೆ, ಪೇಟೆ ಎಲ್ಲಕ್ಕೂ ನೀರು ಬೇಕಾಯಿತು. ಕೋಟೆಯ ಸುತ್ತಲ ಕಂದಕ, ಊರ ಕೆರೆಗಳು, ಬಾವಿಗಳು ಸೇರಿಯೇ ಆ ನಗರವನ್ನು ಸಾಕಿದವು. ಸುಮಾರು ಮುಕ್ಕಾಲು ಶತಮಾನದ ಬಳಿಕ ಅಹ್ಮದ್ ಷಾ ವಲಿ ಬೀದರಿಗೆ ರಾಜಧಾನಿ ಬದಲಿಸಿದ. ಅಲ್ಲಿಂದ ಮುಂದೆ ಎರಡು ರಾಜಧಾನಿಗಳ ನಡುವಿನ ದಾರಿ ಕಮಲಾಪುರದ ಕಡೆಯಿಂದ ಹಾದುಹೋಯಿತು. ಆ ಸೀಮೆಯ ಹೊಳಕುಂದಾದಲ್ಲಿ ಇಂದಿಗೂ ನಿಂತಿರುವ ಬಹಮನಿ ಕಾಲದ ಗುಮ್ಮಟಗಳು ಆ ದಾರಿಯ ಹಳೆಯ ಮಹತ್ವಕ್ಕೆ ಸಾಕ್ಷಿ. ಇಂದು ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆಗೆ ಹೋಗುವ ಹೆದ್ದಾರಿಯೂ ಕಮಲಾಪುರದ ಮೇಲೆಯೇ ಹೋಗುತ್ತದೆ.

ಕಲಬುರಗಿಯ ಜನ ಅಪ್ಪನ ಕೆರೆ ಎಂದು ಕರೆಯುವುದು ಶರಣಬಸವೇಶ್ವರ ದೇವಸ್ಥಾನದ ಬಳಿಯ ಕೆರೆಯನ್ನು. ಊರ ಸೆರಗಿಗೆ ಖಾಜಾ ಕೋಟನೂರಿನ ಕೆರೆ ಇದೆ. ಇಂಥ ಪ್ರತಿ ಕೆರೆಯ ಸುತ್ತ ಒಂದು ಪುಟ್ಟ ಸಮುದಾಯ ಬೆಳೆದಿತ್ತು. ಮೀನು ಹಿಡಿಯುವ ಕಬ್ಬಲಿಗ, ಕೋಲಿ ಕುಟುಂಬಗಳು, ಬಟ್ಟೆ ಒಗೆಯುವ ಮಡಿವಾಳರು, ಕೆರೆಮಣ್ಣಿನಲ್ಲಿ ಗಡಿಗೆ ಮಾಡುವ ಕುಂಬಾರರು, ಕೆರೆಯ ಕೆಳಗೆ ಬದನೆ, ಉಳ್ಳಾಗಡ್ಡಿ, ಮೆಂತ್ಯ ಬೆಳೆಯುವ ತೋಟಿಗರು ಎಲ್ಲರೂ ನೀರಿನ ಏರಿಳಿತ ನೋಡಿ ದಿನ ಎಣಿಸುವವರು. ಮಾಗಿಯ ಕೊನೆಗೆ ಕೆರೆ ದಂಡೆಯಿಂದ ಹಿಂದೆ ಸರಿಯುತ್ತದೆ. ತೆರೆದುಕೊಂಡ ಹಸಿ ಅಂಗಳದಲ್ಲಿ ಕಡಲೆ, ಸೌತೆ, ಕಲ್ಲಂಗಡಿ ಹಾಕುವ ರೂಢಿ ದಖ್ಖನಿನ ಅನೇಕ ಕೆರೆಗಳಲ್ಲಿತ್ತು. ನೀರು ಕಡಿಮೆಯಾದಷ್ಟೂ ಮೀನು ಒತ್ತಟ್ಟಿಗೆ ಸೇರುವುದರಿಂದ ಬಲೆಯ ಕೆಲಸಕ್ಕೂ ಇದೇ ಸುಗ್ಗಿ. ಇನ್ನೂ ಬತ್ತಿದ ಮೇಲೆ ಹೂಳೆತ್ತಿ ಬಂಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಆ ಕೆಲಸದಲ್ಲಿ ಕೆರೆಗೆ ಆಳ ಸಿಗುತ್ತಿತ್ತು, ಹೊಲಕ್ಕೆ ಗೊಬ್ಬರ ಸಿಗುತ್ತಿತ್ತು. ಕೂಲಿ ಕೊಟ್ಟು ಹೂಳೆತ್ತಿಸುವ ಯೋಜನೆಗಳು ಬರುವ ಮುನ್ನ ಕೆರೆಗಳು ಶತಮಾನಗಳ ಕಾಲ ಬಾಳಿದ್ದಕ್ಕೆ ಈ ಕೊಡುಕೊಳ್ಳುವಿಕೆಯೇ ದೊಡ್ಡ ಕಾರಣ.

ಇದೇ ಬಗೆಯ ಕೆರೆಗಳಲ್ಲಿ ಹೆಸರಾದದ್ದು ಕಲಬುರಗಿಯಿಂದ ದಕ್ಷಿಣಕ್ಕೆ, ಸುರಪುರ ತಾಲ್ಲೂಕಿನ ಬೋನಾಳದ ಕೆರೆ. 17ನೇ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದ ಈ ಕೆರೆಯನ್ನು 19ನೇ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಬಲಪಡಿಸಿದ. ಮಾಗಿಯಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಅವು ಹಗಲು ನೀರಿನಲ್ಲಿದ್ದು, ಸಂಜೆ ಮತ್ತು ನಸುಕಿನಲ್ಲಿ ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ. ಕಡಲೆ, ಶೇಂಗಾ ಹಾಕಿದವರಿಗೆ ಅದರಿಂದ ಒಂದಿಷ್ಟು ನಷ್ಟವಿದ್ದದ್ದೇ.

ಬಲಿಯುವ ಜೋಳಕ್ಕೆ ಹೆಬ್ಬಾತಿಗಿಂತ ದೊಡ್ಡ ಪಾಲುದಾರ ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಈ ಹಕ್ಕಿ ಸಾವಿರಗಟ್ಟಲೆ ಹಿಂಡಾಗಿ ದಖ್ಖನಿಗೆ ಬಂದು ಜೋಳದ ತೆನೆಗೆ ಮುಗಿಬೀಳುತ್ತದೆ. ರಾತ್ರಿ ಜಾಲಿ ಗಿಡಗಳಲ್ಲಿ, ಕೆರೆಯ ಜೊಂಡಿನಲ್ಲಿ ತಂಗುತ್ತದೆ. ಹಕ್ಕಿ ಕಾಯುವುದು ಹೀಗಾಗಿ ಮಾಗಿಯ ಒಂದು ಪೂರ್ಣಾವಧಿ ಕೆಲಸವಾಗಿತ್ತು. ಹೊಲದ ನಡುವೆ ನಾಲ್ಕು ಗೂಟ ನೆಟ್ಟು ಮಂಚಿಕೆ ಕಟ್ಟಿ, ನಸುಕಿನಿಂದ ಕವಣೆ ಬೀಸುತ್ತ, ಡಬ್ಬಿ ಬಡಿಯುತ್ತ ಕೂರುವವರು ಹೆಚ್ಚಾಗಿ ಮಕ್ಕಳು, ಮುದುಕರು. ಕವಣೆಗೆ ಕಲ್ಲಿನ ಬದಲು ಹೊಲದ ಮಣ್ಣನ್ನೇ ಉಂಡೆ ಕಟ್ಟಿ ಒಣಗಿಸಿಟ್ಟುಕೊಳ್ಳುವುದೂ ಉಂಟು. ಎರೆ ಹೊಲದಲ್ಲಿ ಕಲ್ಲು ಸಿಗುವುದು ಕಷ್ಟ.

ಈ ಸೀಮೆಯ ಜನಮನದಲ್ಲಿ ನೆಲೆ ನಿಂತ ಸಂತ ಹಕ್ಕಿ ಕಾಯಲು ಹೋಗಿ ಹಕ್ಕಿಗೇ ಉಣಿಸಿದವರು. 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಿದ್ದಾಗ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವು ತಿಂದು ದಣಿದಾವೆಂದು ಕುಡಿಯಲು ನೀರನ್ನೂ ಇಟ್ಟರು, ಆದರೂ ರಾಶಿಗೆ ಕೊರತೆಯಾಗಲಿಲ್ಲ ಎಂಬುದು ಮನೆಮನೆಯಲ್ಲಿ ಹೇಳುವ ಐತಿಹ್ಯ. ಮುಂದೆ ಅವರು ಕಲಬುರಗಿಗೆ ಬಂದು ದಾಸೋಹ ನಡೆಸಿ 1822ರಲ್ಲಿ ಲಿಂಗೈಕ್ಯರಾದರು. ಐತಿಹ್ಯವನ್ನು ಪವಾಡವೆಂದು ಓದುವವರು ಓದಲಿ. ಅದರ ಒಳಗಿರುವ ಒಕ್ಕಲುತನದ ಪ್ರಶ್ನೆ ಬಹಳ ನಿಜವಾದದ್ದು. ಮಳೆಯೇ ಇಲ್ಲದ ಕಾಲದಲ್ಲಿ ಕಷ್ಟಪಟ್ಟು ಉಳಿಸಿದ ಕಾಳಿನಲ್ಲಿ ಇತರರ ಪಾಲೆಷ್ಟು ಎಂಬ ಪ್ರಶ್ನೆ ಮಾಗಿಯ ಪ್ರತಿ ಆಚರಣೆಯಲ್ಲೂ ಬೇರೆ ಬೇರೆ ರೂಪದಲ್ಲಿ ಮರಳಿ ಬರುತ್ತದೆ.

ಅವುಗಳಲ್ಲಿ ಮೊದಲನೆಯದು ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಗೆ ಅಥವಾ ಜನವರಿಯ ಮೊದಲರ್ಧದಲ್ಲಿ ಬರುವ ಈ ದಿನ ಜೋಳ ಸೊಂಟದೆತ್ತರ ದಾಟಿ ತೆನೆ ಹಿರಿಯುವ ಹಂತದಲ್ಲಿರುತ್ತದೆ. ಭೂಮಿತಾಯಿ ಬಸುರಿಯೆಂದು ಭಾವಿಸಿ ಅವಳ ಬಯಕೆ ತೀರಿಸಲು ಮನೆಯವರೆಲ್ಲ ಹೊಲಕ್ಕೆ ಹೋಗುತ್ತಾರೆ. ಹಿಂದಿನ ರಾತ್ರಿಯಿಂದಲೇ ಅಡುಗೆ ಶುರು. ಸಜ್ಜೆ ಕಡುಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಜೋಳದ ಹಿಟ್ಟಿಗೆ ಮಜ್ಜಿಗೆ, ಬೆಳ್ಳುಳ್ಳಿ ಬೆರೆಸಿದ ಅಂಬಲಿ, ಎಲ್ಲಕ್ಕಿಂತ ಮುಖ್ಯವಾಗಿ ಭಜ್ಜಿ ಸಿದ್ಧವಾಗುತ್ತದೆ. ಭಜ್ಜಿ ಎಂದರೆ ಆ ಹೊತ್ತಿಗೆ ಹೊಲ, ತೋಟದಲ್ಲಿ ಏನೆಲ್ಲ ಹಸಿಯಾಗಿ ಸಿಗುತ್ತದೋ ಅದೆಲ್ಲ ಸೇರಿದ ಪಲ್ಯ. ಹಸಿ ತೊಗರಿ ಕಾಳು, ಅವರೆ, ಹಸಿ ಕಡಲೆ, ಮೆಂತ್ಯ, ಉಳ್ಳಾಗಡ್ಡಿಯ ತಪ್ಪಲು, ಗಜ್ಜರಿ, ಬದನೆ, ಹುಣಸೆ ಬೇಯಿಸಿ ಕಡಲೆ ಹಿಟ್ಟು ಹಾಕಿ ಗಟ್ಟಿ ಮಾಡುತ್ತಾರೆ. ಒಂದು ಸೀಮೆಯ ಹಿಂಗಾರಿ ಬೆಳೆಗಳ ಪಟ್ಟಿ ಬೇಕಿದ್ದವರು ಭಜ್ಜಿಯ ಪಾತ್ರೆಯಲ್ಲಿ ನೋಡಿದರೆ ಸಾಕು.

ಹೊಲದಲ್ಲಿ ಬನ್ನಿ ಗಿಡದ ಬುಡದಲ್ಲೋ, ಜೋಳದ ದಂಟಿನಿಂದ ಕಟ್ಟಿದ ಪುಟ್ಟ ಕೊಂಪೆಯಲ್ಲೋ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡುಗೆಯನ್ನೆಲ್ಲ ಕಲಸಿ ಒಬ್ಬರು ಹೊಲದ ನಾಲ್ಕೂ ಬದಿಗೆ ಚೆಲ್ಲುತ್ತ ಹೋದರೆ, ಹಿಂದಿನವರು ನೀರು ಚಿಮುಕಿಸುತ್ತ ಕೂಗು ಹಾಕುತ್ತ ಬರುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಊಟ. ಅಂದು ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸದೆ ಕಳಿಸುವುದಿಲ್ಲ. ಹೊಲವಿಲ್ಲದವರಿಗೆ ನೆರೆಹೊರೆಯವರ, ಗೆಳೆಯರ ಹೊಲದ ಕರೆ ಇರುತ್ತದೆ, ಅದರಲ್ಲಿ ಜಾತಿ, ಧರ್ಮದ ಭೇದ ಬಹುಮಟ್ಟಿಗೆ ಅಡ್ಡ ಬರುವುದಿಲ್ಲ. ಕಲಬುರಗಿ ನಗರದ ಪೇಟೆ ಅಂದು ಮಧ್ಯಾಹ್ನದ ಹೊತ್ತಿಗೆ ಖಾಲಿ ಖಾಲಿ. ಗಮನಿಸಬೇಕಾದ ಸಂಗತಿಯೊಂದಿದೆ: ಗಡಿಯಾಚೆ ಮಹಾರಾಷ್ಟ್ರದ ಲಾತೂರ, ಧಾರಾಶಿವ ಜಿಲ್ಲೆಗಳಲ್ಲೂ ಇದೇ ಅಮಾವಾಸ್ಯೆಗೆ ಇದೇ ಕೊಂಪೆ, ಇದೇ ಐದು ಪಾಂಡವರು, ಇದೇ ಭಜ್ಜಿ ಮತ್ತು ಅಂಬಲಿ. ಭಾಷೆ ಬದಲಾದರೂ ಎರೆಭೂಮಿ ಮತ್ತು ಹಿಂಗಾರಿ ಜೋಳ ಒಂದೇ ಆಗಿರುವ ಕಡೆಯಲ್ಲೆಲ್ಲ ಹಬ್ಬವೂ ಒಂದೇ. 1956ರವರೆಗೆ ಈ ಸೀಮೆಗಳೆಲ್ಲ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹಬ್ಬದ ನಂಟು ಅದಕ್ಕಿಂತ ಹಳೆಯದು.

ಅಮಾವಾಸ್ಯೆ ಕಳೆದು ಸಂಕ್ರಾಂತಿ ದಾಟುತ್ತಿದ್ದಂತೆ ಹಸಿ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲ. ಜೋಳದ ಕಾಳು ಹಾಲು ಹಿಡಿದು ಗಟ್ಟಿಯಾಗುವ ಮುನ್ನ, ಉಗುರು ಊರಿದರೆ ಇಳಿಯುವಷ್ಟು ಮೆತ್ತಗಿರುವ ಕೆಲವೇ ದಿನ ಅದು ಸಿಹಿಯಾಗಿರುತ್ತದೆ. ಆಗ ಕಾಳಿನಲ್ಲಿರುವ ಸಕ್ಕರೆ ಇನ್ನೂ ಪೂರ್ತಿ ಪಿಷ್ಟವಾಗಿರುವುದಿಲ್ಲ. ಸೀತನಿಗೆಂದೇ ಹೊಲದ ಒಂದು ಮೂಲೆಯಲ್ಲಿ ಬೇರೆ ತಳಿ ಹಾಕುವ ರೂಢಿ ಇತ್ತು. ಆ ತಳಿಯ ಕಾಳು ತೊಗಟೆಯಿಂದ ಸಲೀಸಾಗಿ ಬಿಡುತ್ತದೆ. ನೆಲದಲ್ಲಿ ಸಣ್ಣ ಕುಣಿ ತೆಗೆದು ಕುಳ್ಳಿನ ಕೆಂಡ ಮಾಡುತ್ತಾರೆ. ತೆನೆಗಳನ್ನು ಕೆಂಡದ ಬೂದಿಯಲ್ಲಿ ಹೂತು, ಹೊರಳಿಸಿ, ಹಸಿರು ಬಣ್ಣ ಉಳಿದಿರುವಾಗಲೇ ತೆಗೆಯುತ್ತಾರೆ. ಬಿಸಿ ಇರುವಂತೆಯೇ ಅಂಗೈಗಳ ನಡುವೆ ತಿಕ್ಕಿದರೆ, ಇಲ್ಲವೇ ಗೋಣಿಯ ಮೇಲೆ ಇಟ್ಟು ಕೋಲಿನಿಂದ ಮೆಲ್ಲಗೆ ಬಡಿದರೆ ಕಾಳು ಉದುರುತ್ತದೆ. ಮೊರದಲ್ಲಿ ಒಮ್ಮೆ ಕೇರಿದರೆ ಸೀತನಿ ಸಿದ್ಧ. ಶೇಂಗಾ ಹಿಂಡಿ, ಬೆಲ್ಲ, ಮೊಸರು ಅದರ ಜೊತೆ. ತಡಮಾಡಿ ಸುಟ್ಟರೆ ಕಾಳು ಬಿರುಸು, ಬೇಗ ಸುಟ್ಟರೆ ತೊಗಟೆಯಲ್ಲಿ ಬರೀ ನೀರು. ಸರಿಯಾದ ದಿನ ಗುರುತಿಸುವುದು ಹಿರಿಯರ ಕೆಲಸ. ಬೀಗರನ್ನು, ದೂರದ ನೆಂಟರನ್ನು ಸೀತನಿಗೆ ಕರೆಯುವುದು ಮದುವೆಗೆ ಕರೆದಷ್ಟೇ ಗೌರವದ ಸಂಗತಿಯಾಗಿತ್ತು. ಮುಂದೆ ಕಾಳಾಗಿ ಮಾರಬಹುದಾದ ತೆನೆಯನ್ನು ಹಸಿಯಲ್ಲೇ ಕೊಯ್ದು ಊರೆಲ್ಲ ಹಂಚಿ ತಿನ್ನುವುದರಲ್ಲಿ ಬೆಳೆಯ ಮೇಲಿನ ಭರವಸೆ ಇತ್ತು.

ಕಡಲೆ ಹೊಲದ ಒಂದು ಕೆಲಸ ಈಗ ಬಹುತೇಕ ಮರೆತುಹೋಗಿದೆ. ಕಡಲೆ ಗಿಡದ ಎಲೆ, ಕಾಯಿಗಳ ಮೇಲಿನ ಸಣ್ಣ ರೋಮಗಳು ಹುಳಿ ಸೂಸುತ್ತವೆ. ಮುಂಜಾನೆ ಇಬ್ಬನಿ ಬಿದ್ದಾಗ ಆ ಹುಳಿ ನೀರಿನಲ್ಲಿ ಬೆರೆಯುತ್ತದೆ. ಹೆಂಗಸರು ತೆಳು ಬಿಳಿ ಬಟ್ಟೆಯನ್ನು ನಸುಕಿನಲ್ಲಿ ಸಾಲಿನ ಮೇಲೆ ಹಾಸಿ, ಎಳೆದು, ನೆನೆದ ಬಟ್ಟೆಯನ್ನು ಗಡಿಗೆಗೆ ಹಿಂಡುತ್ತಿದ್ದರು. ಹೀಗೆ ಕೂಡಿಸಿದ ಕಡಲೆ ಹುಳಿ ಹೊಟ್ಟೆನೋವಿಗೆ, ಅಜೀರ್ಣಕ್ಕೆ ಮನೆಮದ್ದು. ಬಿಸಿಲೇರಿದರೆ ಇಬ್ಬನಿ ಆರಿಹೋಗುವುದರಿಂದ ಕೆಲಸಕ್ಕೆ ಸಿಗುವ ಹೊತ್ತು ಬಹಳ ಕಡಿಮೆ, ಚಳಿಯೋ ವಿಪರೀತ. ಜನವರಿಯಲ್ಲಿ ಇಲ್ಲಿನ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ಇದ್ದು, ಕೆಲವು ದಿನ ಇನ್ನೂ ಕೆಳಗಿಳಿಯುತ್ತದೆ. ಕಂಬಳಿ ಹೊದ್ದು ಒಲೆಯ ಮುಂದೆ ಕೂರುವ ಹೊತ್ತಿನಲ್ಲಿ ಹೊಲದಲ್ಲಿ ಬಟ್ಟೆ ಹಿಂಡುತ್ತಿದ್ದ ಆ ಹೆಂಗಸರ ದುಡಿಮೆಗೆ ಯಾವ ದಾಖಲೆಯಲ್ಲೂ ಲೆಕ್ಕವಿಲ್ಲ.

ಜೋಳದ ಹೊಲದ ಅಂಚಿಗೆ ಕುಸುಬೆ ಬಿತ್ತುವ ಪದ್ಧತಿಗೂ ತನ್ನದೇ ಜಾಣ್ಮೆ ಇದೆ. ಮುಳ್ಳಿನ ಗಿಡ ದನಗಳನ್ನು ತಡೆಯುತ್ತದೆ, ಬೀಜ ಮನೆಗೆ ಎಣ್ಣೆ ಕೊಡುತ್ತದೆ, ಎಳೆಯ ಸೊಪ್ಪು ಪಲ್ಯವಾಗುತ್ತದೆ.

ಮಾಘ ಮುಗಿಯುವ ಹೊತ್ತಿಗೆ ಕಣ. ಹಿಂಗಾರಿ ಜೋಳವನ್ನು ಬುಡ ಸಮೇತ ಕಿತ್ತು ಸಾಲಾಗಿ ಒಣಹಾಕಿ, ತೆನೆ ಮುರಿದು, ದಂಟನ್ನು ಕಣಿಕೆಯಾಗಿ ಬಣವೆ ಒಟ್ಟುತ್ತಾರೆ. ಬೇಸಿಗೆಯಲ್ಲಿ ಎತ್ತುಗಳನ್ನು ಉಳಿಸುವುದು ಆ ಬಣವೆ. ಕಾಳಿನಷ್ಟೇ ಕಣಿಕೆಗೂ ಬೆಲೆ ಇರುವುದು ಅದಕ್ಕೆ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆಯ್ದು ತೆಗೆದ ಎಂ 35–1 ತಳಿ ಇಂದಿಗೂ ಈ ಹೊಲಗಳನ್ನು ಬಿಟ್ಟು ಹೋಗದಿರುವುದಕ್ಕೆ ಅದರ ಮುತ್ತಿನಂಥ ಕಾಳು, ಮೆತ್ತನೆಯ ರೊಟ್ಟಿಯ ಜೊತೆಗೆ ದನ ಇಷ್ಟಪಟ್ಟು ತಿನ್ನುವ ದಂಟೂ ಕಾರಣ. ಕಣದ ನೆಲವನ್ನು ನೀರು ಹೊಡೆದು, ಎತ್ತು ತುಳಿಸಿ, ಸಗಣಿ ಸಾರಿಸಿ ಗಟ್ಟಿ ಮಾಡಿದ ಮೇಲೆ ನಡುವೆ ಮೇಟಿ ಕಂಬ ನೆಡುತ್ತಿದ್ದರು. ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಹಂತಿ ಕಟ್ಟಿ ಮೇಟಿಯ ಸುತ್ತ ತಿರುಗಿಸುತ್ತಿದ್ದರು. ಈ ಕೆಲಸ ರಾತ್ರಿಯೆಲ್ಲ ನಡೆಯುತ್ತಿತ್ತು. ಎತ್ತಿನ ಹಿಂದೆ ನಡೆಯುವವನಿಗೆ ನಿದ್ದೆ ಬಾರದಿರಲೆಂದು, ಎತ್ತಿನ ನಡಿಗೆ ಒಂದೇ ಹದದಲ್ಲಿರಲೆಂದು ಹುಟ್ಟಿದವು ಹಂತಿಯ ಹಾಡುಗಳು. ಒಬ್ಬ ಎತ್ತಿದ ಸೊಲ್ಲನ್ನು ಪಕ್ಕದ ಕಣದವರು ಕತ್ತಲಲ್ಲೇ ಮುಂದುವರಿಸುತ್ತಿದ್ದರು. ಉತ್ತರ ಕರ್ನಾಟಕದ ಜನಪದ ಕಾವ್ಯದ ಒಂದು ದೊಡ್ಡ ಪಾಲು ಹೀಗೆ ಮಾಗಿಯ ಕೊನೆಯ ರಾತ್ರಿಗಳಲ್ಲಿ ಕಟ್ಟಿಕೊಂಡದ್ದು.

ಗಾಳಿ ಬಿಟ್ಟಾಗ ತೂರಿ, ರಾಶಿ ಮಾಡಿ ಪೂಜೆ ಸಲ್ಲಿಸಿದ ಮೇಲೆ ಅಳತೆ. ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಾರೆ. ಮನೆಗೆ ಒಯ್ಯುವ ಮುನ್ನ ಕಣದಲ್ಲೇ ಆಯಗಾರರ ಪಾಲು ತೆಗೆಯಬೇಕಿತ್ತು. ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ಕ್ಷೌರಿಕ, ತಳವಾರ ಇವರೆಲ್ಲ ವರ್ಷವಿಡೀ ಮಾಡಿದ ಕೆಲಸಕ್ಕೆ ಕೂಲಿ ಸಿಗುತ್ತಿದ್ದುದು ಈ ದಿನವೇ. ಈ ವ್ಯವಸ್ಥೆಯನ್ನು ಸಾಮರಸ್ಯವೆಂದು ಹೊಗಳುವವರಿದ್ದಾರೆ. ಹಾಗೆ ಹೊಗಳುವಾಗ ಕಣದ ತುದಿಯಲ್ಲಿ ನಿಂತು, ತೂರಿ ಉಳಿದ ಮಣ್ಣುಗಾಳನ್ನು ತುಂಬಿಕೊಂಡು ಹೋಗಬೇಕಿದ್ದ ದಲಿತ ಕುಟುಂಬಗಳನ್ನು ಮರೆಯುವಂತಿಲ್ಲ. ಹೊಲದಲ್ಲಿ ಹೆಚ್ಚು ದುಡಿದವರಿಗೆ ಕಣದಲ್ಲಿ ಕಡಿಮೆ ಸಿಗುತ್ತಿತ್ತು.

ಮೂರನೆಯ ಕಣಜವಾದ ಹಗೇವು ನೆಲದಡಿಯ ಗೂಡು. ಕಿರಿದಾದ ಬಾಯಿ, ಒಳಗೆ ಅಗಲವಾದ ಹೊಟ್ಟೆ. ಗೋಡೆಗೂ ತಳಕ್ಕೂ ಜೋಳದ ಸೊಪ್ಪೆ, ಹೊಟ್ಟು ಒತ್ತಿ ಕಾಳು ತುಂಬಿ, ಕಲ್ಲು ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಹುಳು ಬದುಕುವುದಿಲ್ಲ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಮನುಷ್ಯರೂ ಅದರಲ್ಲಿ ಉಸಿರಾಡಲಾರರು. ಅದಕ್ಕೇ ಹಗೇವು ತೆರೆದ ಮೇಲೆ ಗಾಳಿಯಾಡಲು ಬಿಟ್ಟು, ಉರಿಯುವ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಒಳಗಿಳಿಯುವ ಎಚ್ಚರಿಕೆ ಬಳಕೆಯಲ್ಲಿತ್ತು.

ಹಗೇವಿನ ಮಹತ್ವ ತಿಳಿಯುವುದು ಮಾಗಿ ಕೈಕೊಟ್ಟ ವರ್ಷಗಳಲ್ಲಿ. 14ನೇ ಶತಮಾನದ ಕೊನೆಯ ದುರ್ಗಾದೇವಿ ಬರಗಾಲ ದಖ್ಖನಿನ ನೆನಪಿನಲ್ಲಿ ಉಳಿದ ಭೀಕರ ಕ್ಷಾಮ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಕಲಬುರಗಿಯಿಂದ ಆಳಿದ ಎರಡನೆಯ ಮುಹಮ್ಮದ್ ಷಾ ಬರ ಬಿದ್ದಾಗ ಎತ್ತಿನ ಹೇರುಗಳಲ್ಲಿ ಗುಜರಾತ್, ಮಾಳ್ವಾದಿಂದ ಧಾನ್ಯ ತರಿಸಿದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ನಿಜಾಮರ ಕಾಲದಲ್ಲಿ, ಎರಡನೆಯ ಮಹಾಯುದ್ಧದ ದಿನಗಳಲ್ಲಿ ಲೆವಿ ಎಂಬ ಕಡ್ಡಾಯ ಧಾನ್ಯ ವಸೂಲಿ ಬಂದು ಕಣದಿಂದಲೇ ಕಾಳು ಹೋಗುವಂತಾಯಿತು. 1972ರ ಬರದಲ್ಲಿ ದಖ್ಖನಿನ ಹಳ್ಳಿಗಳ ಜನ ಕಲ್ಲು ಒಡೆಯುವ, ಇಂಗು ಕೆರೆ ಅಗೆಯುವ ಬರಗಾಲದ ಕೆಲಸಕ್ಕೆ ಹೋದರು. ವಿದೇಶದಿಂದ ಬಂದ ಕೆಂಪು ಜೋಳದ ರೊಟ್ಟಿಯ ರುಚಿಯನ್ನು ಆ ತಲೆಮಾರಿನವರು ಮರೆಯಲಿಲ್ಲ. ಬಿಳಿಜೋಳ ತಿಂದು ಬೆಳೆದವರಿಗೆ ಅದು ನುಂಗಲಾಗದ ಅನ್ನ.

ತೊಗರಿಯ ಕಥೆ ಬೇರೆ. 1871ರಲ್ಲಿ ಸೊಲ್ಲಾಪುರದಿಂದ ರಾಯಚೂರಿನವರೆಗಿನ ರೈಲು ಮಾರ್ಗ ಪೂರ್ಣಗೊಂಡು ಮುಂಬಯಿ, ಮದರಾಸು ಎರಡಕ್ಕೂ ಕಲಬುರಗಿ ಸೇರಿಕೊಂಡಿತು. ಅಲ್ಲಿಯವರೆಗೆ ಮನೆಬಳಕೆಗೆ, ಜೋಳದ ಜೊತೆ ಸಾಲು ಬಿಟ್ಟು ಬಿತ್ತುತ್ತಿದ್ದ ತೊಗರಿ ಕ್ರಮೇಣ ಪೇಟೆಯ ಮಾಲಾಯಿತು. ಮನೆಯಲ್ಲಿ ಬೇಳೆ ಮಾಡುವ ವಿಧಾನಕ್ಕೆ ಮಾಗಿಯ ಕೊನೆಯ ಒಣ ಬಿಸಿಲು ಹೇಳಿಮಾಡಿಸಿದ್ದು. ಕಾಳನ್ನು ನೆನೆಸಿ, ಕೆಮ್ಮಣ್ಣು ಬೆರೆಸಿ ರಾಶಿ ಹಾಕಿ, ಮಾಳಿಗೆಯ ಮೇಲೆ ಒಣಗಿಸಿದರೆ ಸಿಪ್ಪೆ ಸಡಿಲಾಗುತ್ತದೆ. ಬೀಸುಕಲ್ಲಿಗೆ ಹಾಕಿದಾಗ ಎರಡು ಹೋಳಾಗಿ ಬೇಳೆ ಬೀಳುತ್ತದೆ. ದಾಲ್‌ಮಿಲ್‌ಗಳಲ್ಲಿ ಕೆಮ್ಮಣ್ಣಿನ ಬದಲು ಎಣ್ಣೆ ಬಂತು. ಕಾಳನ್ನು ಕೆರೆದು, ಎಣ್ಣೆ ಹಚ್ಚಿ, ಅಂಗಳದಲ್ಲಿ ಹರವಿ ಒಣಗಿಸಿ ಒಡೆಯುವ ಕ್ರಮ ಬಂದರೂ ಬಿಸಿಲಿನ ಅಗತ್ಯ ಹೋಗಲಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಲಬುರಗಿಯ ಗಂಜ್‌ನಲ್ಲಿ ತೊಗರಿ ಚೀಲಗಳ ಸಾಲು, ಅಡತಿಯವರ ಹರಾಜು, ಹಮಾಲರ ಬೆನ್ನಿಗೆ ಬಿಡುವಿಲ್ಲದ ಹೊರೆ. ತೊಗರಿಯ ಕಣಜ ಎಂಬ ಹೆಸರು ಜಿಲ್ಲೆಗೆ ಸಂದದ್ದು ಹೀಗೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಮಾಗಿಯ ಮಂಜು ಮಾತ್ರ ಈ ಬೆಳೆಗೆ ಆಗದು. ಹೂವು, ಎಳೆಗಾಯಿಯ ಹಂತದಲ್ಲಿ ದಟ್ಟ ಮಂಜು ಕವಿದರೆ ಹೂ ಉದುರುತ್ತದೆ, ಮೋಡ ಕವಿದರೆ ಕಾಯಿಕೊರಕ ಹುಳು ಹೆಚ್ಚುತ್ತದೆ. ಔಷಧ ಸಿಂಪಡಿಸುವ ಮುನ್ನಿನ ದಿನಗಳಲ್ಲಿ ಗಿಡದ ಕೆಳಗೆ ಬಟ್ಟೆ ಹಿಡಿದು ಗಿಡ ಅಲುಗಾಡಿಸಿ ಹುಳು ಬೀಳಿಸುತ್ತಿದ್ದರು.

ಕಮಲಾಪುರದ ಕಡೆ ನೆಲದ ಸ್ವರೂಪ ಬೇರೆಯಾಗುತ್ತದೆ. ಬಯಲು ಮುಗಿದು ಗುಡ್ಡಗಳ ನಡುವಿನ ಕಣಿವೆ ಶುರುವಾಗುತ್ತದೆ. ಸುತ್ತಲ ಬಯಲಿನಲ್ಲಿ ಒಣಬೇಸಾಯವೇ ಗತಿಯಾಗಿದ್ದಾಗ ಇಲ್ಲಿ ಬಾವಿ ನೀರಿನ ತೋಟಗಾರಿಕೆ ಬೆಳೆಯಿತು. ಅದರ ಫಲವೇ ಕಮಲಾಪುರದ ಕೆಂಪು ಬಾಳೆ. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ, ಪರಿಮಳ ಬೇರೆಯೇ. ಈ ಹಣ್ಣು ಭೌಗೋಳಿಕ ಗುರುತು ಪಡೆದಿದೆ. ಸಾಮಾನ್ಯ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳವರೆಗೂ ಬೇಕು. ಹಾಗಾಗಿ ಪ್ರತಿ ಗಿಡವೂ ಒಂದು ಪೂರ್ತಿ ಮಾಗಿಯನ್ನು ದಾಟಲೇಬೇಕು. ಚಳಿಯಲ್ಲಿ ಬಾಳೆಯ ಬೆಳವಣಿಗೆ ನಿಧಾನವಾಗುತ್ತದೆ, ಹೊಸ ಎಲೆ ತಡವಾಗಿ ಸುರುಳಿ ಬಿಚ್ಚುತ್ತದೆ, ಗೊನೆ ಬಲಿಯಲು ಹೆಚ್ಚು ದಿನ ಹಿಡಿಯುತ್ತದೆ. ಆ ದಿನಗಳಲ್ಲೂ ನೀರು ತಪ್ಪಿಸುವಂತಿಲ್ಲ, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೇಕು. ಇಷ್ಟು ಕಾಲ, ಇಷ್ಟು ಖರ್ಚು ಹಾಕಿ ಬೆಳೆದ ಹಣ್ಣಿನ ಬೆಲೆ ಹೆಚ್ಚು. ಸಿರಿವಂತರ ಹಣ್ಣು ಎಂಬ ಮಾತು ಬಂದದ್ದು ಅದರಿಂದ. ಕಲಬುರಗಿ–ಹುಮನಾಬಾದ್ ರಸ್ತೆಯಲ್ಲಿ ಹೋಗುವವರು ಕಮಲಾಪುರದಲ್ಲಿ ನಿಂತು ಈ ಹಣ್ಣು ಕೊಳ್ಳುವುದು ಹಳೆಯ ರೂಢಿ. ಬೇಗ ದುಡ್ಡು ಕೊಡುವ ಬೆಳೆಗಳ ಮುಂದೆ ಇದು ನಿಲ್ಲುವುದು ಕಷ್ಟವಾಗಿ ತೋಟಗಳು ಕಡಿಮೆಯಾಗಿವೆ. ಗುರುತಿನ ಪತ್ರವೊಂದರಿಂದಲೇ ಬೆಳೆ ಉಳಿಯದು, ಬೆಳೆಯುವವನಿಗೆ ಎರಡು ವರ್ಷದ ಕೈಸಾಲದ ಆಸರೆ ಬೇಕು.

ಸ್ವಾತಂತ್ರ್ಯದ ನಂತರ ಈ ಸೀಮೆಯ ನೀರಿನ ನಕ್ಷೆ ಬದಲಾಯಿತು. ಕಮಲಾಪುರ ಭಾಗದಲ್ಲಿ ಬೆಳಕೋಟದ ಬಳಿ ಗಂಡೋರಿ ನಾಲಾ ಜಲಾಶಯ, ಹೇರೂರಿನ ಬಳಿ ಬೆಣ್ಣೆತೊರೆ ಜಲಾಶಯ ಬಂದವು. ಕಲಬುರಗಿ ನಗರಕ್ಕೆ ಭೀಮಾ ನದಿಯಿಂದಲೂ ಬೆಣ್ಣೆತೊರೆಯಿಂದಲೂ ನಳದ ನೀರು ಹರಿಯಿತು. ಕೊಳವೆ ಬಾವಿಗಳು ಹಳ್ಳಿಹಳ್ಳಿಗೆ ಇಳಿದವು. ಕುಡಿಯುವ ನೀರಿಗೆ ಊರ ಕೆರೆಯ ಹಂಗು ತಪ್ಪಿದ ಮೇಲೆ ಕೆರೆಯನ್ನು ನೋಡಿಕೊಳ್ಳುವವರೂ ಇಲ್ಲವಾದರು. ಅಪ್ಪನ ಕೆರೆಗೆ ಚರಂಡಿಯ ನೀರು ಸೇರಿತು, ಅಂತರಗಂಗೆ ಹಬ್ಬಿತು. ಸ್ವಚ್ಛಗೊಳಿಸಿ ಉದ್ಯಾನ ಮಾಡುವ ಪ್ರಯತ್ನಗಳೂ ನಡೆದವು. ಮುಂಗಾರಿನ ತೊಗರಿ ಹೊಲವನ್ನು ಜನವರಿಯವರೆಗೆ ಹಿಡಿದಿಡುವುದರಿಂದ ಹಿಂಗಾರಿ ಜೋಳಕ್ಕೆ ಜಾಗ ಕಡಿಮೆಯಾಯಿತು. ರಾಶಿ ಯಂತ್ರ ಬಂದ ಮೇಲೆ ಮೇಟಿ, ಹಂತಿ ಎರಡೂ ಹೋದವು, ಕಣ ಮಾಡುವ ಜಾಗದಲ್ಲಿ ಡಾಂಬರು ರಸ್ತೆ ಬಂತು. ಗೋಣಿ ಚೀಲ, ಗೋದಾಮು ಬಂದು ಹಗೇವುಗಳು ಮುಚ್ಚಿಹೋದವು.

ಉಳಿದದ್ದೂ ಕಡಿಮೆಯಲ್ಲ. ಎಳ್ಳ ಅಮಾವಾಸ್ಯೆಗೆ ಬಂಡಿಯ ಬದಲು ಟ್ರ್ಯಾಕ್ಟರ್, ಕಾರು ಹೊಲಕ್ಕೆ ಹೋಗುತ್ತವೆ, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ನೌಕರಿ ಮಾಡುವವರು ರಜೆ ಹಾಕಿ ಬರುತ್ತಾರೆ. ಚರಗ ಚೆಲ್ಲುವ ಬುಟ್ಟಿ ಇನ್ನೂ ಅದೇ. ಹೋಳಿಯ ನಂತರದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವಕ್ಕೆ ಹಳ್ಳಿಗಳಿಂದ ಬರುವ ಜನ ಹೊಸ ಜೋಳದ ರೊಟ್ಟಿ ಕಟ್ಟಿಕೊಂಡು ಬರುವುದೂ, ದಾಸೋಹಕ್ಕೆ ಕಾಳು ಕೊಡುವುದೂ ನಿಂತಿಲ್ಲ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಆರಂಭವಾಗಿ ಮರಗುತ್ತಿಯ ಸುರಂಗದ ಮೂಲಕ ಕಮಲಾಪುರ ಸೀಮೆಗೆ ರೈಲು ಬಂತು. ಅದರ ಬೆನ್ನಿಗೇ ಕಮಲಾಪುರ ಪ್ರತ್ಯೇಕ ತಾಲ್ಲೂಕಾಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಜೋಳಕ್ಕೆ ಹೊಸ ಬೇಡಿಕೆ ಹುಟ್ಟಿದೆ. ಕಲಬುರಗಿ ರೊಟ್ಟಿ ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಹೆಂಗಸರು ಬಡಿದ ರೊಟ್ಟಿಯನ್ನು ಮಾರುಕಟ್ಟೆಗೆ ತರುವ ಕೆಲಸವನ್ನು ಜಿಲ್ಲಾಡಳಿತ ಕೈಗೆತ್ತಿಕೊಂಡಿದೆ. ಆ ರೊಟ್ಟಿಗೆ ಬೇಕಾದ ಬಿಳಿಜೋಳ ಈಗಲೂ ಹಸ್ತದ ಮಳೆಯ ಹಸಿಯಲ್ಲಿ ಬಿತ್ತಿ ಮಾಗಿಯಲ್ಲಿ ಬಲಿತದ್ದೇ.